ಮೂಲೆ ಕೋಣೆಯ ನೂಕುನುಗ್ಗಲು

ಆ ಶನಿವಾರ ಮಧ್ಯಾಹ್ನ ಮ್ಯೂಸಿಯಂನ ಮೇಲಂತಸ್ತಿನ ಮೂಲೆ ಕೋಣೆಗೆ ಭೂಮಂಡಲದ ಅರ್ಧ ಜನ ಬಂದು ಹೋದರು. ಉಳಿದರ್ಧ ಜಾಗ ಸಾಲದೆ ಮೆಟ್ಟಿಲ ಮೇಲೆ ನಿಂತಿತ್ತು. ಒಬ್ಬರ ಕನ್ನಡಕ ಇನ್ನೊಬ್ಬರ ಮೂಗೇರಿತು. ಗಂಡಂದಿರು ಗಡಿಬಿಡಿಯಲ್ಲಿ ಯಾರದೋ ಹೆಂಡತಿಯ ಕೈ ಹಿಡಿದು ಕೆಳಗಿಳಿದು, ಗೇಟಿನ ಹತ್ತಿರ ಬೆಳಕಿನಲ್ಲಿ ಮುಖ ನೋಡಿ, ಒಲ್ಲದ ಮನಸ್ಸಿನಿಂದ ಅದಲುಬದಲು ಮಾಡಿಕೊಂಡರು. ಕಿಟಕಿಯ ಪಾರಿವಾಳ ಕೂಡ ಒಂದು ಕಾಲಿನ ಮೇಲೆ ನಿಂತು ಇನ್ನೊಂದು ಕಾಲಿಗೆ ಜಾಗ ಹುಡುಕುತ್ತಿತ್ತು.

ಇದಕ್ಕೆಲ್ಲ ಇದ್ದ ಸಾಕ್ಷಿ ಒಬ್ಬರೇ, ಆ ಕೋಣೆಯ ಕಾವಲುಗಾರರು. ಮ್ಯೂಸಿಯಂನವರಿಗೂ ಬೀದಿಯವರಿಗೂ ಅವರು ಕಂಡಕ್ಟರು. ತಲೆಗೂದಲು ಕಪ್ಪಗಿದ್ದಾಗ ಬಸ್ಸು ಹತ್ತಿದವರು ಅದು ಪೂರ್ತಿ ಬೆಳ್ಳಗಾದ ಮೇಲೇ ಇಳಿದದ್ದು. ಅವರ ಗಂಟಲು ಎಂಥದೆಂದರೆ, ‘ಸ್ವಲ್ಪ ಮುಂದೆ ಹೋಗಿ’ ಎಂದು ಕೂಗಿದರೆ ಬಸ್ಸಿನೊಳಗಿನವರಿರಲಿ, ಎದುರಿಗೆ ಬರುತ್ತಿದ್ದ ಲಾರಿ ಕೂಡ ಹಿಂದಕ್ಕೆ ಸರಿಯುತ್ತಿತ್ತಂತೆ. ನಿವೃತ್ತರಾದ ಮೇಲೆ ಆ ಗಂಟಲಿಗೆ ಸಿಕ್ಕ ಕೆಲಸ, ಒಂದು ಕುರ್ಚಿಯ ಮೇಲೆ ಮಾತಿಲ್ಲದೆ ಕೂತಿರುವುದು.

ಆ ದೊಡ್ಡ ಮನೆಯನ್ನು ಕಟ್ಟಿಸಿದ್ದು ಹಿಂದಿನ ಕಾಲದ ಒಬ್ಬ ಸಕ್ಕರೆ ವ್ಯಾಪಾರಿ. ಮುಂಬಾಗಿಲು ಎಷ್ಟು ಭಾರವೆಂದರೆ, ಬೆಳಿಗ್ಗೆ ತಳ್ಳಲು ಶುರು ಮಾಡಿದರೆ ಪೂರ್ತಿ ತೆರೆಯುವ ಹೊತ್ತಿಗೆ ಮುಚ್ಚುವ ಸಮಯವಾಗಿರುತ್ತಿತ್ತು. ವ್ಯಾಪಾರಿಯ ವಂಶದವರು ಅದನ್ನು ಸಾಕಲಾರದೆ ಬಿಟ್ಟುಕೊಟ್ಟ ಮೇಲೆ ಅದು ಆ ಸೀಮೆಯ ಕಲಾವಿದರ ಮ್ಯೂಸಿಯಂ ಆಯಿತು. ಕೆಳಗಿನ ಹಜಾರದಲ್ಲಿ ಗಾಜಿನ ತೂಗುದೀಪ, ಗೋಡೆ ತುಂಬ ಕತ್ತಿಗಳು, ವ್ಯಾಪಾರಿಯ ಆಳೆತ್ತರದ ಚಿತ್ರ. ಬಂದವರು ಅಲ್ಲೇ ಬಾಯಿ ತೆರೆದು ನಿಂತು, ಬಾಯಿ ಮುಚ್ಚಿಕೊಂಡು ಹೊರಟುಹೋಗುತ್ತಿದ್ದರು. ಕಂಡಕ್ಟರ ಕೋಣೆ ಇದ್ದದ್ದು ಮೇಲೆ, ಹಿಂದಿನ ಮೂಲೆಯಲ್ಲಿ. ವ್ಯಾಪಾರಿಯ ಕಾಲದಲ್ಲಿ ಅಲ್ಲಿ ಕೆಲಸದವರು ಬಟ್ಟೆ ಮಡಿಸುತ್ತಿದ್ದರಂತೆ. ಹಲಗೆಯ ನೆಲ, ಒಂದು ಕಿಟಕಿ, ಒಂದು ಕುರ್ಚಿ, ಯಾರೂ ಹೆಸರು ಕೇಳದ ಕಲಾವಿದರ ಸಣ್ಣ ಸಣ್ಣ ಚಿತ್ರಗಳು. ಕುರ್ಚಿಗೆ ನೇರ ಎದುರಿಗಿದ್ದದ್ದು, ಎರಡೂ ಕಡೆ ಮರಗಳಿರುವ ಉದ್ದನೆಯ ಖಾಲಿ ರಸ್ತೆಯ ಚಿತ್ರ. ಅಷ್ಟುದ್ದದ ರಸ್ತೆಗೆ ಒಂದೂ ಸ್ಟಾಪ್ ಇಲ್ಲವಲ್ಲ ಎಂದು ಕಂಡಕ್ಟರಿಗೆ ಮೊದಲ ದಿನವೇ ಸಿಟ್ಟು ಬಂದಿತ್ತು.

ಅವರ ಸ್ವಂತ ಮನೆ ಮೂರನೇ ಮಹಡಿಯಲ್ಲಿ, ಒಂದು ಹಜಾರ, ಎರಡು ಕೋಣೆ. ಒಂದು ಕೋಣೆ ಮಗ ಸೊಸೆಯದು. ಇನ್ನೊಂದು ಕಂಡಕ್ಟರದೂ ಅವರ ಹೆಂಡತಿಯದೂ ಆಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮೊಮ್ಮಗಳು ಗುಬ್ಬಿಗೆ ಬಿಟ್ಟುಕೊಟ್ಟರು. ಅವಳಿಗೆ ಪರೀಕ್ಷೆ ಹತ್ತಿರವಿತ್ತು, ಓದಲು ಬಾಗಿಲಿರುವ ಕೋಣೆ ಬೇಕಿತ್ತು. ಅಂದಿನಿಂದ ಹಜಾರದ ಸೋಫಾ ಅವರ ಹಾಸಿಗೆ. ಮಗ ಟೀವಿ ಆರಿಸುವವರೆಗೆ ಮಲಗುವ ಹಾಗಿಲ್ಲ, ಸೊಸೆ ಎದ್ದ ಮೇಲೆ ಮಲಗಿರುವ ಹಾಗಿಲ್ಲ.

ಸೊಸೆ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡಿದ್ದಳು. ಹರಿದದ್ದಕ್ಕೆ ತೇಪೆ, ಸಡಿಲಾದದ್ದಕ್ಕೆ ಹೊಲಿಗೆ, ಉದ್ದವಾದದ್ದಕ್ಕೆ ಕತ್ತರಿ. ಊಟದ ಮೇಜಿನ ಮೇಲಿನ ಬಟ್ಟೆಯ ರಾಶಿ ಎಷ್ಟು ಎತ್ತರವಿತ್ತೆಂದರೆ ಅದರ ತುದಿಯಲ್ಲಿ ಬೇರೆಯೇ ಹವೆ ಬೀಸುತ್ತಿತ್ತು. ಹಾಗಾಗಿ ಮೇಜಿಗೆ ಯಾರೂ ಕೂರುತ್ತಿರಲಿಲ್ಲ. ಮಗ ಔಷಧಿ ಅಂಗಡಿಗಳಿಗೆ ಪೆಟ್ಟಿಗೆ ತಲುಪಿಸುವ ವ್ಯಾನಿನ ಡ್ರೈವರ್. ಬಂದವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಟೀವಿಯ ಜೊತೆ ಉಣ್ಣುತ್ತಿದ್ದ. ಗುಬ್ಬಿ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದಳು. ಸೊಸೆ ಒಲೆಯ ಮುಂದೆ ನಿಂತುಕೊಂಡೇ. ಕಂಡಕ್ಟರು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು, ಕೆಳಗೆ ಹೋಗುವ ಬಸ್ಸುಗಳಲ್ಲಿ ಎಷ್ಟು ಜನ ನಿಂತಿದ್ದಾರೆ ನೋಡುತ್ತ. ಇಡೀ ಸಂಜೆ ಆ ಮನೆಯಲ್ಲಿ ಕೇಳುತ್ತಿದ್ದ ಮಾತು ಎರಡೇ. “ಉಪ್ಪೆಲ್ಲಿ?” “ಅಲ್ಲೇ ಇದೆ.”

ಹೀಗಿರುವಾಗ, ಜೋರು ಮಳೆ ಬಂದ ಒಂದು ಸಂಜೆ ಕಂಡಕ್ಟರು ಕಿಟಕಿಯ ಕಡೆಯಿಂದ ತಿರುಗಿ, ಯಾರಿಗೆಂದಿಲ್ಲದೆ ಹೇಳಿದರು.

“ಇವತ್ತೊಬ್ಬರು ಹೆಂಗಸು ಬಂದಿದ್ರು, ಕೊಡೆ ಹಿಡ್ಕೊಂಡು. ಆ ರಸ್ತೆ ಚಿತ್ರದ ಮುಂದೆ ನಿಂತು ಅಳೋಕೆ ಶುರು ಮಾಡಿದ್ರು. ಎಷ್ಟು ಅತ್ರು ಅಂದ್ರೆ, ಪಕ್ಕದಲ್ಲಿದ್ದೋರು ನೆನೀಬಾರ್ದು ಅಂತ ಕೋಣೆ ಒಳಗೇ ಕೊಡೆ ಬಿಚ್ಚಬೇಕಾಯ್ತು.”

ಮಗ ಟೀವಿಯ ಸದ್ದು ತಗ್ಗಿಸಿದ. “ಯಾಕಂತೆ ಅತ್ತಿದ್ದು?”

“ಅದನ್ನ ನಾಳೆ ಬಂದು ಹೇಳ್ತೀನಿ ಅಂದಿದಾರೆ.”

ಮರುದಿನ ಸೊಸೆ ಒಲೆಯ ಮುಂದಿನಿಂದಲೇ ಕೇಳಿದಳು. “ಏನಂದ್ರು ಮಾವ, ಕೊಡೆಯಮ್ಮ?”

ಕೊಡೆಯಮ್ಮ ಬಂದಿದ್ದರು. ಅವರ ಜೊತೆ ಅವರ ಅಕ್ಕನೂ ಬಂದಿದ್ದರು. ಅಕ್ಕನಿಗೂ ತಂಗಿಗೂ ಅದೇ ರಸ್ತೆಯ ವಿಷಯದಲ್ಲಿ ಜಗಳ. ಮೂರನೇ ದಿನ ಒಬ್ಬ ಬೊಕ್ಕತಲೆಯ ವಕೀಲರು ಬಂದರು. ಅವರ ತಲೆಯ ಹೊಳಪಿಗೆ ಕೋಣೆಯ ದೀಪ ಆರಿಸಬೇಕಾಯಿತು. ನಾಲ್ಕನೇ ದಿನ ಗುಬ್ಬಿಯ ಬಾಗಿಲು ಕಾಲಂಗುಲ ತೆರೆದಿತ್ತು. ಐದನೇ ದಿನ ಅವಳು ತಟ್ಟೆಯೊಡನೆ ಹೊರಗೇ ಬಂದಳು.

“ತಾತ, ವಕೀಲರಿಗೂ ಕೊಡೆಯಮ್ಮನ ಅಕ್ಕನಿಗೂ ಮೊದಲೇ ಪರಿಚಯ ಇತ್ತಾ?”

“ಪರಿಚಯಾನಾ? ಇಬ್ಬರ ಮದುವೆ ನಿಂತುಹೋಗಿತ್ತಮ್ಮ. ಹಾರ ಕೈಯಲ್ಲೇ ಒಣಗಿತ್ತು.”

“ಕೂತ್ಕೊಂಡು ಹೇಳಿ ಮಾವ,” ಎಂದಳು ಸೊಸೆ. “ನೀವು ಕೈ ಬೀಸೋ ಭರಕ್ಕೆ ಕಿಟಕಿ ಗಾಜು ಉಳಿಯಲ್ಲ.” ಬಟ್ಟೆಯ ರಾಶಿಯನ್ನು ಎರಡು ಕೈಯಲ್ಲೂ ಬಾಚಿ ನೆಲಕ್ಕಿಳಿಸಿದಳು. ಹೆಂಡತಿ ಹೋದ ಮೇಲೆ ಮೊದಲ ಸಲ ಕಂಡಕ್ಟರಿಗೆ ಆ ಮೇಜಿನ ಬಣ್ಣ ಕಾಣಿಸಿತು. ನಾಲ್ವರೂ ಕೂತರು. ಬರೀ ಬೇಳೆ, ಅನ್ನ, ಬೇಯಿಸಿದ ಆಲೂಗಡ್ಡೆ. ಆದರೆ ಅರಮನೆಯಲ್ಲೂ ಅಂಥ ಆಲೂಗಡ್ಡೆಯನ್ನು ಯಾರೂ ತಿಂದಿರಲಿಕ್ಕಿಲ್ಲ.

ಕಥೆ ಮನೆಯಲ್ಲಿ ಬೆಳೆದಂತೆ ಮ್ಯೂಸಿಯಂನಲ್ಲೂ ಒಂದು ಸಂಗತಿ ಬೆಳೆಯತೊಡಗಿತು. ಅಲ್ಲಿ ಒಂದೊಂದು ಕೋಣೆಯ ಕಾವಲಿನವರ ಕೈಗೂ ಅಂಗೈಯಷ್ಟು ದೊಡ್ಡ ಎಣಿಕೆ ಡಬ್ಬಿ ಕೊಟ್ಟಿದ್ದರು. ಒಳಗೆ ಬಂದ ಒಬ್ಬೊಬ್ಬರಿಗೂ ಅದರ ಗುಂಡಿಯನ್ನು ಒಮ್ಮೆ ಒತ್ತಬೇಕು. ಸಂಜೆ ಕಚೇರಿಯ ಮೇಡಂ ಬಂದು ಅದರಲ್ಲಿ ಮೂಡಿದ ಅಂಕಿ ನೋಡುತ್ತಿದ್ದರು. ಮೂಲೆ ಕೋಣೆಯ ಡಬ್ಬಿಯಲ್ಲಿ ಹೆಚ್ಚುಕಡಿಮೆ ಯಾವಾಗಲೂ ಸೊನ್ನೆ. ಜನ ಬಾರದ ಕೋಣೆಗಳಿಗೆ ಬೀಗ ಹಾಕಿ, ಕಾವಲಿನವರನ್ನು ಮನೆಗೆ ಕಳಿಸುವುದೆಂದು ಮೇಡಂ ಎಲ್ಲರಿಗೂ ಮೊದಲೇ ಹೇಳಿದ್ದರು.

ಕಂಡಕ್ಟರು ಮೊದಲು ಕೊಡೆಯಮ್ಮನ ಅಕ್ಕನಿಗೆ ಗುಂಡಿ ಒತ್ತಿದರು. ಆಮೇಲೆ ವಕೀಲರಿಗೆ. ಮೋಸ ಅಂತ ಅವರಿಗೆ ಅನಿಸಲೇ ಇಲ್ಲ; ಜೀವಮಾನವೆಲ್ಲ ಟಿಕೆಟ್ ಹರಿದ ಮನುಷ್ಯ, ಟಿಕೆಟ್ ಇಲ್ಲದವರನ್ನು ಕಥೆಗೆ ಹತ್ತಿಸುವುದಾದರೂ ಹೇಗೆ? ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಆ ಸಂಜೆಯ ಕಥೆಗೆ ಯಾರು ಯಾರು ಬೇಕೆಂದು ಯೋಚಿಸಿ, ಒಬ್ಬೊಬ್ಬರನ್ನೇ ಬಾಗಿಲಿಂದ ಒಳಗೆ ಬಿಟ್ಟುಕೊಂಡು, ಒತ್ತುತ್ತ ಹೋದರು. ಮಗುವನ್ನೆತ್ತಿಕೊಂಡವರಿಗೆ ಒಂದೇ ಸಲ ಒತ್ತುತ್ತಿದ್ದರು. ನಿಯಮ ನಿಯಮವೇ.

ಇನ್ನೆರಡು ವಾರ ಕಳೆಯುವಷ್ಟರಲ್ಲಿ ಅವರ ಕೋಣೆ ಕತ್ತಿಗಳನ್ನೂ ತೂಗುದೀಪವನ್ನೂ ಹಿಂದಿಕ್ಕಿತು.

“ಏನು ಮಾಡ್ತಿದೀರಿ ಕಂಡಕ್ಟರೇ?” ಎಂದು ಮೇಡಂ ಕಣ್ಣರಳಿಸಿದರು. “ಆ ಮೂಲೇಲಿ ಅಂಥದ್ದೇನಿದೆ?”

“ಜನಕ್ಕೆ ಏನು ಹಿಡಿಸುತ್ತೆ ಅಂತ ಹೇಳೋಕಾಗಲ್ಲ ಮೇಡಂ.”

ಎಲ್ಲರೂ ಕತ್ತಿ ಕೋಣೆ ಎನ್ನುವ ಕೆಳಗಿನ ಹಜಾರದ ಕಾವಲಿನವನಿಗೆ ಮೀಸೆ ಎಂದು ಹೆಸರು. ಮೀಸೆಯ ಒಂದು ತುದಿ ಅವನಿಗಿಂತ ಮೊದಲೇ ಕೆಲಸಕ್ಕೆ ಬಂದು ಮುಟ್ಟುತ್ತಿತ್ತು. ಊಟದ ಡಬ್ಬಿ ತೊಳೆಯುವಾಗ ಅವನು ಕೇಳಿಯೇ ಬಿಟ್ಟ. “ಅಲ್ಲ ಸ್ವಾಮಿ, ಮೇಲೆ ಹೋಗೋರು ನನ್ನ ಮುಂದೇನೇ ಮೆಟ್ಟಿಲು ಹತ್ತಬೇಕು. ನನ್ನ ಕಣ್ಣಿಗೆ ಒಬ್ಬರೂ ಬೀಳಲ್ಲವಲ್ಲ?”

“ನಿನ್ನ ಮೀಸೆ ಅಡ್ಡ ಬರುತ್ತೆ ಕಣಯ್ಯ. ಸ್ವಲ್ಪ ಕತ್ತರಿಸು, ಜನ ಕಾಣ್ತಾರೆ.”

ಮನೆಯಲ್ಲಿ ಒಂದು ಸಂಜೆ ಕಂಡಕ್ಟರಿಗೆ ಗಂಟಲು ಕಟ್ಟಿತು. ಉಪ್ಪುನೀರು ಮುಕ್ಕಳಿಸಿದರೂ ಸ್ವರ ಹೊರಡಲಿಲ್ಲ. ಅವತ್ತು ಕಥೆಯಿಲ್ಲ ಎಂದಾಗ ಮಗ ತಟ್ಟೆ ಎತ್ತಿಕೊಂಡು ಟೀವಿಯ ಮುಂದೆ ಹೋದ. ಸೋಫಾದ ತುದಿಯಲ್ಲಿ ಅಪ್ಪನ ದಿಂಬು, ಹೊದಿಕೆ.

“ದಿನಾ ವ್ಯಾನಿನಲ್ಲಿ ಕೂತು ಬೆನ್ನು ಮುರಿದಿರುತ್ತೆ,” ಎಂದ. “ಮನೆಗೆ ಬಂದು ಕಾಲು ಚಾಚೋಣ ಅಂದ್ರೆ ಇಲ್ಲೊಂದು ಹಾಸಿಗೆ ಅಂಗಡಿ.”

“ಮೆಲ್ಲಗೆ ಮಾತಾಡಿ,” ಎಂದಳು ಸೊಸೆ.

“ಮೆಲ್ಲಗೇ ಹೇಳ್ತಿದೀನಿ.”

“ನಿಮಗೆ ಸಂಜೆ ಒಂದು ಗಳಿಗೆ. ನಾನು ಹಗಲೆಲ್ಲ ಇಲ್ಲೇ ಇರೋಳು. ಮಿಷನ್ ಇಡಬೇಕು, ಅಳತೆ ಕೊಡೋಕೆ ಬಂದೋರನ್ನ ಕೂರಿಸಬೇಕು. ಮಾವ ಕೆಲಸಕ್ಕೆ ಅಂತ ಹೋಗ್ತಾರಲ್ಲ, ಅದಕ್ಕೇ ಹೇಗೋ ನಡೀತಿದೆ. ಅವರೂ ಮನೇಲೇ ಇದ್ದಿದ್ರೆ ನಾನು ಮೆಟ್ಟಿಲ ಮೇಲೆ ಕೂತು ಹೊಲಿಯಬೇಕಿತ್ತು.”

ಅವಳು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಲೆಕ್ಕ ಹೇಳುವ ದನಿಯಲ್ಲಿ ಹೇಳಿದಳು. ಕಂಡಕ್ಟರು ಕಟ್ಟಿದ ಗಂಟಲಿನಲ್ಲಿ ಒಂದು ಆಲೂಗಡ್ಡೆಯನ್ನು ಬಹಳ ಹೊತ್ತು ನುಂಗಿದರು. ಮರುದಿನ ಡಬ್ಬಿಯ ಗುಂಡಿಯನ್ನು ಎಂದಿಗಿಂತ ಹೆಚ್ಚು ಸಲ ಒತ್ತಿದರು.

ಆ ಒತ್ತುವಿಕೆಯೇ ಎಡವಟ್ಟಾಯಿತು. ಮುಂದಿನ ಗುರುವಾರ ಮೇಡಂ ಒಬ್ಬ ಇಂಜಿನಿಯರನ್ನು ಕರೆದುಕೊಂಡು ಮೇಲೆ ಬಂದರು. ಇಂಜಿನಿಯರು ಮಂಡಿಯೂರಿ, ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ, ರೋಗಿಯ ಎದೆಗೆ ಕಿವಿಯಿಡುವಂತೆ ನೆಲಕ್ಕೆ ಕಿವಿಯಿಟ್ಟರು.

“ಇದು ಬಟ್ಟೆ ಮಡಿಸೋರಿಗೆ ಅಂತ ಹಾಕಿದ ನೆಲ,” ಎಂದರು. “ನೀವು ಹೇಳೋ ಅಷ್ಟು ಜನ ದಿನಾ ತುಳಿದ್ರೆ ಒಂದಿನ ಎಲ್ಲರೂ ನೇರವಾಗಿ ಕತ್ತಿ ಕೋಣೆಗೇ ಇಳೀತಾರೆ. ಮೆಟ್ಟಿಲು ಬೇಕಾಗಲ್ಲ.”

“ಗಟ್ಟಿ ನೆಲ ಸಾರ್,” ಎಂದರು ಕಂಡಕ್ಟರು. “ಬೇಕಾದ್ರೆ ನಾನು ಕುಣಿದು ತೋರಿಸ್ತೀನಿ.”

“ನೀವೊಬ್ಬರು ಕುಣಿದ್ರೆ ಏನೂ ಆಗಲ್ಲ. ಅಷ್ಟು ಜನ ಬರ್ತಾರಲ್ಲ, ಅದು ಕಷ್ಟ.”

ಮೇಡಂ ಕಂಡಕ್ಟರ ಭುಜ ಮುಟ್ಟಿದರು. “ಬೇಜಾರು ಮಾಡ್ಕೋಬೇಡಿ. ನಿಮ್ಮ ಕೋಣೆ ಇಷ್ಟು ಚೆನ್ನಾಗಿ ನಡೀದೇ ಇದ್ದಿದ್ರೆ ನಾವು ನೆಲ ನೋಡೋಕೇ ಹೋಗ್ತಿರಲಿಲ್ಲ. ಚಿತ್ರಗಳನ್ನ ಉಗ್ರಾಣಕ್ಕೆ ಹಾಕಿಸ್ತೀನಿ. ತಿಂಗಳ ಕೊನೆಗೆ ನಿಮಗೂ ಆರಾಮ.”

ಆರಾಮ ಎಂದರೆ ಸೋಫಾ. ಹಗಲೂ ಸೋಫಾ, ಮೆಟ್ಟಿಲ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡ ಸೊಸೆ, ಪಕ್ಕದಲ್ಲಿ ಬೆನ್ನು ಹಿಡಿದುಕೊಂಡ ಮಗ. ಅಷ್ಟು ಜನರನ್ನು ತಾವೇ ಹತ್ತಿಸಿಕೊಂಡು, ಬಸ್ಸಿನಿಂದ ತಾವೇ ಇಳಿಯಬೇಕಾಗಿ ಬಂದಿತ್ತು. ಕಂಡಕ್ಟರು ಮನೆಯಲ್ಲಿ ಏನೂ ಹೇಳಲಿಲ್ಲ. ಶನಿವಾರ ಸಂಜೆ ಮೇಜಿನ ಮುಂದೆ ಕೂತು, ಅದುವರೆಗೆ ಹೇಳಿದ್ದನ್ನೆಲ್ಲ ಮೀರಿಸುವ ಹಾಗೆ, ಭೂಮಂಡಲದ ಅರ್ಧ ಜನರನ್ನು ಒಂದೇ ಸಲ ಆ ಕೋಣೆಗೆ ತುಂಬಿಸಿದರು. ಕನ್ನಡಕ ಮೂಗೇರಿದ್ದು, ಗಂಡಂದಿರು ಅದಲುಬದಲಾದದ್ದು, ಪಾರಿವಾಳ ಒಂಟಿ ಕಾಲಲ್ಲಿ ನಿಂತದ್ದು, ಎಲ್ಲ ಅವತ್ತಿನದೇ. ಸೊಸೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗನಿಗೆ ನೀರು ನೆತ್ತಿಗೇರಿತು.

“ಅಪ್ಪ, ಇಷ್ಟು ಜನ ಕಾಯಬೇಕು ಅಂದ್ರೆ ಸಂಬಳ ಜಾಸ್ತಿ ಕೇಳಿ,” ಎಂದ ಕೆಮ್ಮುತ್ತ.

“ತಾತ, ನಾಳೆ ನಾವೂ ಬರ್ತೀವಿ,” ಎಂದಳು ಗುಬ್ಬಿ. “ನನಗೆ ಕೊಡೆಯಮ್ಮನ್ನ ನೋಡಲೇಬೇಕು.”

“ಬೇಡ ಗುಬ್ಬಿ. ನೂಕುನುಗ್ಗಲು. ಕಾಲ್ತುಳಿತಕ್ಕೆ ಸಿಕ್ಕಿ ಹಾಕ್ಕೋತೀಯ.”

“ವ್ಯಾನಿನಲ್ಲಿ ಕರ್ಕೊಂಡು ಹೋಗ್ತೀನಿ,” ಎಂದ ಮಗ.

“ನಿಲ್ಲಿಸೋಕೆ ಜಾಗ ಇರಲ್ಲ.”

“ನಾಳೆ ನೋಡೋಣ ಬಿಡಿ ಮಾವ,” ಎಂದಳು ಸೊಸೆ, ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ. ನೋಡೋಣ ಎಂದರೆ ಬರಲಾರರು ಎಂದುಕೊಂಡು ಕಂಡಕ್ಟರು ಸಮಾಧಾನ ಮಾಡಿಕೊಂಡರು.

ಭಾನುವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತು, ಡಬ್ಬಿ ಕೈಯಲ್ಲಿ ಹಿಡಿದು, ರಸ್ತೆಯ ಚಿತ್ರ ನೋಡುತ್ತಿದ್ದರು. ಕೆಳಗೆ ತೂಗುದೀಪದ ಹತ್ತಿರ ಯಾರದೋ ಮಗು ಚೀರುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಒಬ್ಬರದಲ್ಲ. ಕಂಡಕ್ಟರು ದಡಬಡಿಸಿ ಎದ್ದು, ಅಂಗಿಯ ಕಾಲರ್ ಸರಿಮಾಡಿಕೊಂಡು, ಬಾಗಿಲ ಪಕ್ಕ ನಿಂತರು. ಮೊದಲ ತಲೆ ಬಾಗಿಲು ದಾಟಿದೊಡನೆ ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತು. ಎರಡನೆಯದಕ್ಕೂ, ಮೂರನೆಯದಕ್ಕೂ ಒತ್ತಿತು. ಆಮೇಲೆ ಮುಖ ನೋಡಿದರು.

ಗುಬ್ಬಿ ಕೋಣೆಯನ್ನು ಒಮ್ಮೆ ಸುತ್ತ ನೋಡಿ, ಬಾಗಿಲ ಹಿಂದೆಯೂ ನೋಡಿದಳು. ಅವಳ ಚಪ್ಪಲಿಯ ಕೆಳಗೆ ಹಲಗೆ ಕಿರ್ ಎಂದಿತು.

“ಎಲ್ಲಪ್ಪ ಜನ?” ಎಂದ ಮಗ.

“ಈಗ ತಾನೇ ಹೋದ್ರು. ಒಂದು ನಿಮಿಷ ಮುಂಚೆ ಬಂದಿದ್ರೆ…”

“ಕೆಳಗೆ ಮೀಸೆಯೋರು ನಮ್ಮನ್ನ ತಡೆದ್ರು ಅಪ್ಪ. ಮೇಲೇನೂ ಇಲ್ಲ, ಯಾರೂ ಹೋಗಲ್ಲ, ಸುಮ್ನೆ ಕಾಲು ನೋಯಿಸ್ಕೋಬೇಡಿ ಅಂದ್ರು.”

“ಅವನ ಮಾತು ಕಟ್ಕೊಂಡು…”

ಸೊಸೆ ಕಿಟಕಿಯ ಹತ್ತಿರ ಹೋಗಿ, ಕಟ್ಟೆಯ ಮೇಲಿದ್ದ ಧೂಳಿನಲ್ಲಿ ಬೆರಳೆಳೆದು ನೋಡಿದಳು. ಪಾರಿವಾಳವೂ ಇರಲಿಲ್ಲ.

ಆಗಲೇ ಮೇಡಂ ಒಂದು ಚೀಟಿ, ಅಂಟಿನ ಡಬ್ಬಿ ಹಿಡಿದುಕೊಂಡು ಮೇಲೆ ಬಂದರು. ಇವರನ್ನು ಕಂಡು ನಕ್ಕರು. “ಮನೆಯವರಾ? ನಿಮ್ಮ ತಂದೆಯವರ ಕೋಣೆಗೇ ಎಲ್ಲಕ್ಕಿಂತ ಹೆಚ್ಚು ಜನ, ಗೊತ್ತಾ? ಅಷ್ಟು ಜನಕ್ಕೆ ನೆಲ ತಡೆಯಲ್ಲ ಅಂತ ಮುಚ್ಚಬೇಕಾಗಿದೆ. ಹೇಳಿರಬೇಕಲ್ಲ?”

ಮೂವರೂ ಕಂಡಕ್ಟರ ಕಡೆ ತಿರುಗಿದರು. ಮೇಡಂ ಚೀಟಿಯ ಹಿಂಬದಿಗೆ ಅಂಟು ಸವರತೊಡಗಿದರು.

ಇನ್ನೊಂದು ಸುಳ್ಳು ಹೇಳಿ ದಾಟಬಹುದಿತ್ತು. ನಾಲಿಗೆಯ ತುದಿಯಲ್ಲಿ ನಾಲ್ಕೈದು ಸಿದ್ಧವಾಗಿಯೇ ಇದ್ದವು. ಕಂಡಕ್ಟರು ಬಾಯಿ ತೆರೆದರು.

“ಯಾರೂ ಬರಲ್ಲ ಮೇಡಂ,” ಎಂದರು. ಆ ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ಸ್ವರ ಬಂದದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು. “ನಾನೇ ಒತ್ಕೋತಿದ್ದೆ. ನೆಲ ಗಟ್ಟಿಯಾಗಿದೆ.”

ಮೇಡಂ ಬೈಯಲಿಲ್ಲ.

“ಜನ ಬರ್ತಾರೆ ಅಂದ್ರೆ ನೆಲ ಕುಸಿಯುತ್ತೆ ಅಂತ ಮುಚ್ಚಬೇಕು,” ಎಂದರು. “ಬರಲ್ಲ ಅಂದ್ರೆ ಬರಲ್ಲ ಅಂತ ಮುಚ್ಚಬೇಕು. ಅಂಟು ಒಣಗುತ್ತೆ, ಸ್ವಲ್ಪ ಸರೀರಿ.” ಚೀಟಿಯನ್ನು ಬಾಗಿಲಿಗೆ ಒತ್ತಿ ಅಂಟಿಸಿ, ಅಂಗೈ ಚಾಚಿದರು. ಕಂಡಕ್ಟರು ಎಣಿಕೆ ಡಬ್ಬಿಯನ್ನು ಅದರ ಮೇಲಿಟ್ಟರು. “ಇವತ್ತಿನ ಮೂರು ನಿಜ ಮೇಡಂ,” ಎಂದರು. ಮೇಡಂ ತಲೆಯಾಡಿಸಿ ಕೆಳಗಿಳಿದು ಹೋದರು.

ಮಗ ಜೇಬಿನಲ್ಲಿ ಕೈಯಿಟ್ಟುಕೊಂಡು ಖಾಲಿ ರಸ್ತೆಯ ಚಿತ್ರದ ಮುಂದೆ ನಿಂತ. ಅವನ ಕಿವಿ ಕೆಂಪಾಗಿತ್ತು.

“ಕೊಡೆಯಮ್ಮಾನೂ ಇಲ್ವಾ ತಾತ?” ಎಂದಳು ಗುಬ್ಬಿ.

“ಅವರೊಬ್ಬರು ಇದಾರೆ. ಒಂದೇ ಸಲ ಬಂದಿದ್ದು. ಮಳೆ ಜೋರಾಗಿತ್ತಲ್ಲ, ನಿಲ್ಲೋವರೆಗೂ ಇಲ್ಲಿ ನಿಂತಿದ್ರು.”

“ಅತ್ತಿದ್ದು?”

“ಅಳಲಿಲ್ಲ. ಚಿತ್ರಾನೂ ನೋಡಲಿಲ್ಲ. ಕಿಟಕಿಯಿಂದ ಮಳೆ ನೋಡ್ತಿದ್ರು. ಹೋಗುವಾಗ ನನ್ನ ಕಡೆ ತಿರುಗಿ, ‘ಒಬ್ಬರೇ ಕೂತಿರ್ತೀರಲ್ಲ, ಬೇಜಾರಾಗಲ್ವಾ?’ ಅಂತ ಕೇಳಿದ್ರು.” ಕಂಡಕ್ಟರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ನಿಮ್ಮಜ್ಜಿ ಹೋದ ಮೇಲೆ ನನ್ನನ್ನ ಯಾರೂ ಏನೂ ಕೇಳಿರಲಿಲ್ಲ.”

“ಏನಂದ್ರಿ ಮತ್ತೆ?”

“ಪುರುಸೊತ್ತೆಲ್ಲಿ ತಾಯಿ, ಅಷ್ಟು ಜನ ಬರ್ತಾರೆ, ಅಂದೆ.”

ಕೆಳಗೆ ಚೀರುತ್ತಿದ್ದ ಮಗುವನ್ನು ಯಾರೋ ಹೊರಗೆ ಕರೆದುಕೊಂಡು ಹೋದರು. ಸೊಸೆ ಕಿಟಕಿಯ ಹತ್ತಿರದಿಂದ ಬಂದು, ಬೆರಳಿನ ಧೂಳನ್ನು ಸೆರಗಿಗೆ ಒರೆಸಿಕೊಂಡು, ಮಾವನ ಎದುರಿಗೆ ನಿಂತಳು.

“ನಾನು ಕೇಳ್ತಿದೀನಿ ಮಾವ,” ಎಂದಳು. “ಬೇಜಾರಾಗಲ್ವಾ?”

ಕಂಡಕ್ಟರು ಬಾಗಿಲ ಕಡೆ ನೋಡಿದರು. ಅವರ ಹೆಬ್ಬೆರಳು ಕೈಯಲ್ಲಿಲ್ಲದ ಗುಂಡಿಯನ್ನು ಒಮ್ಮೆ ಒತ್ತಿತು. ಬಾಗಿಲಿನಿಂದ ಯಾರೂ ಬರಲಿಲ್ಲ.

“ಆಗುತ್ತಮ್ಮ,” ಎಂದರು.